ತಲೆಯಿಲ್ಲದ ಸಂತರಿಗೆ ಅಳತೆ ತೆಗೆದದ್ದು

ಅಕ್ಟೋಬರ್ ೯, ಗುರುವಾರ

ಪ್ರೀತಿಯ ತಂಗಿಗೆ,

ಯೇಸುವಿಗೆ ಸ್ತುತಿ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮಂಡಿನೋವು ಈಗ ಹೇಗಿದೆ? ಕಾನ್ವೆಂಟಿನಲ್ಲಿ ಎಲ್ಲರೂ ನಿನ್ನನ್ನು ಸಿಸ್ಟರ್ ಎನ್ನುತ್ತಾರೆಂದು, ಮೆಟ್ಟಿಲು ಹತ್ತಬೇಡ ಎಂದು ನಾನು ಹೇಳಿದ ಮಾತನ್ನು ತಳ್ಳಿಹಾಕಬೇಡ. ನಿನಗೆ ಮೊಟ್ಟಮೊದಲು ಸಿಸ್ಟರ್ ಆದವಳು ನಾನು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ಎರಡು ಸಲ ಬರೆಯಲು ಕೂತೆ. ಮೊದಲ ಸಲ ‘ಪ್ರೀತಿಯ ತಂಗಿಗೆ’ ಎಂದು ಬರೆಯುವಷ್ಟರಲ್ಲಿ ಗಿರಾಕಿ ಬಂದು, ಅದೇ ಹಾಳೆಯ ಮೇಲೆ ತೋಳಿನ ಅಳತೆ ಬರೆದುಕೊಂಡೆ. ಎರಡನೇ ಸಲದ ಹಾಳೆಯನ್ನು ಮಾತಾಡುತ್ತ ಮಾತಾಡುತ್ತ ಕಾಲರಿನ ಆಕಾರಕ್ಕೆ ಕತ್ತರಿಸಿಬಿಟ್ಟೆ. ಈಗ ಕತ್ತರಿಯನ್ನು ನಿನ್ನ ಭಾವನ ಕೈಗೆ ಕೊಟ್ಟು, ಅವರನ್ನು ದೂರ ಕೂರಿಸಿ ಬರೆಯುತ್ತಿದ್ದೇನೆ.

ನಿನ್ನ ಭಾವ ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಕಂಡಕ್ಟರಿಕೆ ಅವರನ್ನು ಬಿಟ್ಟಿಲ್ಲ. ಮೊನ್ನೆ ಪೂಜೆಯಲ್ಲಿ ಪ್ರಸಾದಕ್ಕೆ ಸಾಲು ನಿಂತಾಗ ಹಿಂದಿನಿಂದ ‘ಮುಂದೆ ಹೋಗಿ, ಮುಂದೆ ಜಾಗ ಇದೆ’ ಎಂದರು. ಸೊಸೆ ಆಸ್ಪತ್ರೆಯ ಲ್ಯಾಬಿಗೆ ಹೋಗಿಬರುತ್ತಾಳೆ, ಮಗನಿಗೆ ಪ್ರೆಸ್ಸಿನಲ್ಲಿ ಪಾಳಿ. ಹೀಗಾಗಿ ಮೊಮ್ಮಗಳು ಗುಬ್ಬಿ ಶಾಲೆಯಿಂದ ಬಂದರೆ ನನ್ನ ಹೊಲಿಗೆ ಮಿಷನ್ನಿನ ಕೆಳಗೆ. ಎಂಟು ವರ್ಷ ತುಂಬಿತು. ಬಾಯಿ ಮಾತ್ರ ಎಂಬತ್ತರದು.

ಇಷ್ಟಕ್ಕೂ ನಾನು ಬರೆಯಬೇಕೆಂದಿರುವುದು ನಮ್ಮ ಚರ್ಚಿನ ಜಗಳ. ಗುಬ್ಬಿಯ ಶಾಲೆಯಲ್ಲಿ ಈ ಸಲ ಹ್ಯಾಲೋವೀನ್‌ ಹುಚ್ಚು. ತಿಂಗಳ ಕೊನೆಯ ದಿನ ದೆವ್ವ, ಮಾಟಗಾತಿ, ಅಸ್ಥಿಪಂಜರದ ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವುದಂತೆ. ನನ್ನ ಹತ್ತಿರ ಒಂಬತ್ತು ದೆವ್ವ, ಮೂರು ಅಸ್ಥಿಪಂಜರ ಹೊಲಿಯಲು ಬಂದವು. ಕಪ್ಪು ಬಟ್ಟೆಯ ಮೇಲೆ ಬಿಳಿ ಪಕ್ಕೆಲುಬು ಹಚ್ಚುತ್ತ ಕೂತಿದ್ದಾಗ ಧರ್ಮೋಪದೇಶದ ಟೀಚರ್ ಒಳಗೆ ಬಂದರು. ಮೂವತ್ತು ವರ್ಷದಿಂದ ಚರ್ಚಿನ ಮಕ್ಕಳಿಗೆಲ್ಲ ಹತ್ತು ಆಜ್ಞೆ ಕಲಿಸಿದವರು. ಎದುರಿಗೆ ಬಂದರೆ ನಾನು ಯಾವುದನ್ನು ಮುರಿದಿದ್ದೇನೆ ಎಂದು ನನಗರಿವಿಲ್ಲದೆ ಲೆಕ್ಕ ಹಾಕತೊಡಗುತ್ತೇನೆ. ಪಕ್ಕದ ಗೂಟದಲ್ಲಿ ಫಾದರ್ ಅವರ ಹಸಿರು ಪೂಜಾವಸ್ತ್ರ ಅಂಚು ಮಡಿಸಲು ನೇತಾಡುತ್ತಿತ್ತು.

“ಒಂದೇ ಮಿಷನ್ನಲ್ಲಿ ಅದನ್ನೂ ಹೊಲೀತೀರಾ, ಇದನ್ನೂ ಹೊಲೀತೀರಾ?” ಎಂದರು.

“ಸೂಜಿ ಒಂದೇ ಟೀಚರ್, ದಾರ ಬೇರೆ” ಎಂದೆ.

ಅವರು ನಗಲಿಲ್ಲ. ನೆಟ್ಟಗೆ ಹೋಗಿ ಫಾದರ್ ಹತ್ತಿರ ಹೇಳಿದರು. ನಮ್ಮ ಫಾದರ್ ಹೊಸಬರು, ಇನ್ನೂ ಮೂವತ್ತೈದು ದಾಟಿಲ್ಲ, ಯಾರನ್ನೂ ನೋಯಿಸಲಾರದ ಜೀವ. ಕಳೆದ ಭಾನುವಾರ ಪೂಜೆಯಾದ ಮೇಲೆ ಸಭೆ ಕರೆದರು. ಕಥೋಲಿಕರು ಹ್ಯಾಲೋವೀನ್ ಆಚರಿಸಬಹುದೋ ಇಲ್ಲವೋ?

ಟೀಚರ್ ಮೊದಲು ಎದ್ದರು. “ದೆವ್ವ ಬಿಡಿಸೋ ಅಧಿಕಾರ ಯೇಸುಸ್ವಾಮಿ ನಮಗೆ ಕೊಟ್ಟಿದ್ದಾರೆ. ದೆವ್ವದ ವೇಷ ಕಟ್ಟೋ ಅಧಿಕಾರ ಎಲ್ಲಿ ಕೊಟ್ಟಿದ್ದಾರೆ ಅಂತ ಯಾರಾದರೂ ತೋರಿಸಿ.”

ಬೇಕರಿಯವರು ಕೈಯೆತ್ತಿದರು. “ಸಾವಿಗೆ ಹೆದರಬೇಡಿ ಅಂತ ಈಸ್ಟರಿಗೆ ನೀವೇ ಹೇಳ್ತೀರಿ ಟೀಚರ್. ಮಕ್ಕಳು ಅಸ್ಥಿಪಂಜರ ನೋಡಿ ನಕ್ಕರೆ ಅದನ್ನೂ ಬೇಡ ಅಂತೀರಿ. ಹೆದರಬೇಕೋ ಬೇಡ್ವೋ, ಒಂದು ತೀರ್ಮಾನ ಮಾಡಿ.”

ಅಲ್ಲಿಂದ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಿನ್ನ ಭಾವ ಬೆಂಚಿನ ಮೇಲೆ ತಟ್ಟಿ “ಒಬ್ಬೊಬ್ಬರಾಗಿ ಹತ್ತಿ, ಒಬ್ಬೊಬ್ಬರಾಗಿ!” ಎಂದು ಕೂಗಿದ ಮೇಲೆ ಫಾದರ್‌ಗೆ ಬಾಯಿ ತೆರೆಯಲು ಸಂದಿ ಸಿಕ್ಕಿತು. ಹ್ಯಾಲೋವೀನ್ ಎಂಬ ಮಾತಿಗೇ ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಎಂದು ಅರ್ಥ, ಅದು ಮೂಲದಲ್ಲಿ ನಮ್ಮದೇ ಎಂದರು. ಬೇಕರಿಯವರು ಚಪ್ಪಾಳೆ ತಟ್ಟಿದರು. ಆದರೆ ಟೀಚರ್ ಹೇಳುವುದರಲ್ಲೂ ನಿಜವಿದೆ ಎಂದರು. ಟೀಚರ್ ಸೆರಗು ಸರಿಮಾಡಿಕೊಂಡರು. ಕೊನೆಗೆ ತೀರ್ಪು: ಆ ದಿನ ಸಂಜೆ ನಾಲ್ಕಕ್ಕೆ ಚರ್ಚಿನ ಹಾಲಿನಲ್ಲಿ ಮಕ್ಕಳೆಲ್ಲ ಸಂತರ ವೇಷದಲ್ಲಿ ಬರಬೇಕು. ದೆವ್ವ ಬೇಡ, ರಕ್ತ ಬೇಡ, ಭಯ ಹುಟ್ಟಿಸುವ ಯಾವುದೂ ಬೇಡ.

ಗುಬ್ಬಿ ದಾರಿಯುದ್ದಕ್ಕೂ ಅತ್ತಳು. “ಸಂತರು ಬರೀ ಕೈ ಮುಗ್ದು ಮೇಲೆ ನೋಡ್ತಾರೆ ಅಜ್ಜಿ. ಅದರಲ್ಲಿ ಏನು ಮಜಾ?” ಅವಳ ತಾತ ಅವಳನ್ನು ಸಮಾಧಾನ ಮಾಡಲು ಅಟ್ಟದ ಮೇಲಿನ ಹಳೆಯ ಸಂತರ ಚರಿತ್ರೆ ಇಳಿಸಿದ್ದಾರೆ. ಆ ದಪ್ಪ ಪುಸ್ತಕ, ಬಣ್ಣದ ಚಿತ್ರ ಇರುವುದು. ಇಬ್ಬರೂ ಈಗ ಅದರಲ್ಲೇ ಮುಳುಗಿದ್ದಾರೆ. ಮನೆ ತಣ್ಣಗಿದೆ.

ನಿಮ್ಮ ಕಾನ್ವೆಂಟಿನಲ್ಲಿ ಈ ವಿಷಯಕ್ಕೆ ಏನೆನ್ನುತ್ತಾರೆ? ಬರೆ.

ನಿನ್ನ
ಅಕ್ಕ

*

ಅಕ್ಟೋಬರ್ ೨೪, ಶುಕ್ರವಾರ

ಪ್ರೀತಿಯ ತಂಗಿಗೆ,

ನಿನ್ನ ಉತ್ತರ ಬಂತು. ಕಾನ್ವೆಂಟಿನ ಅಭಿಪ್ರಾಯ ಕೇಳಿದರೆ ‘ನಿನ್ನ ಮನಸ್ಸು ಏನು ಹೇಳುತ್ತೆ ಅಕ್ಕ’ ಎಂದು ನನಗೇ ತಿರುಗಿಸಿದ್ದೀಯ. ನನ್ನ ಮನಸ್ಸಿಗೆ ಈಗ ಹೇಳಲು ಪುರುಸೊತ್ತಿಲ್ಲ ಮಾರಾಯ್ತಿ. ಏನಾಗಿದೆ ಕೇಳು.

ಆ ಪುಸ್ತಕವನ್ನು ಗುಬ್ಬಿ ಧರ್ಮೋಪದೇಶದ ತರಗತಿಗೆ ಹೊತ್ತುಕೊಂಡು ಹೋದಳು. ಸಂತರಲ್ಲಿ ಅರ್ಧಕ್ಕರ್ಧ ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳು ಎಂಬುದು ಅಲ್ಲಿಯವರೆಗೆ ಮಕ್ಕಳ ಗಮನಕ್ಕೆ ಬಂದಿರಲಿಲ್ಲ. ಮಾರನೆಯ ದಿನದಿಂದ ನನ್ನ ಬಾಗಿಲಲ್ಲಿ ಸಾಲು. ಒಂಬತ್ತು ದೆವ್ವಗಳೂ ಮೂರು ಅಸ್ಥಿಪಂಜರಗಳೂ ರದ್ದು. ಹಲ್ಲಿನ ಡಾಕ್ಟರ ಮಗಳಿಗೆ ಹಲ್ಲು ಕೀಳಿಸಿಕೊಂಡ ಸಂತಿಯ ಉಡುಪು ಬೇಕು. ಇಕ್ಕಳ ಅಪ್ಪನದೇ ಇದೆಯಂತೆ. ಬೇಕರಿಯವರ ಮಗನಿಗೆ ಕಬ್ಬಿಣದ ಜಾಲರಿಯ ಮೇಲೆ ಸುಡಿಸಿಕೊಂಡ ಸಂತನ ಅಂಗಿ ಬೇಕು. ಜಾಲರಿ ಬೇಕರಿಯ ಒಲೆಯಿಂದ ಬರುತ್ತದೆ. ಇನ್ನೊಬ್ಬಳಿಗೆ ತಟ್ಟೆಯಲ್ಲಿ ತನ್ನ ಕಣ್ಣುಗಳನ್ನೇ ಹಿಡಿದ ಸಂತಿಯಾಗಬೇಕು. ಕಣ್ಣಿಗೆ ಏನು ಮಾಡಲಿ ಎಂದು ತಲೆ ಕೆರೆದುಕೊಂಡು, ಕೊನೆಗೆ ಕೋಟಿನ ಎರಡು ದೊಡ್ಡ ಗುಂಡಿಗಳಿಗೆ ಬಿಳಿ ಸ್ಯಾಟಿನ್ ಹೊದಿಸಿದೆ. ಬಾಣ ಚುಚ್ಚಿಸಿಕೊಂಡವರು ನಾಲ್ವರು.

ಚರ್ಮ ಸುಲಿಸಿಕೊಂಡ ಸಂತನ ಕಥೆಯಂತೂ ಕೇಳಬೇಡ. ಚರ್ಮವನ್ನು ಕೋಟಿನ ಹಾಗೆ ತೋಳಿನ ಮೇಲೆ ಹಾಕಿಕೊಂಡು ನಿಂತಿರುವ ಚಿತ್ರ ಪುಸ್ತಕದಲ್ಲಿದೆ. ಆ ಹುಡುಗ ಬಂದು ಬಟ್ಟೆಯ ಬಣ್ಣ ಆರಿಸಿ, “ಅಜ್ಜಿ, ಚರ್ಮಕ್ಕೆ ಗುಂಡಿ ಇಡಿ. ಚಳಿಯಾದ್ರೆ ವಾಪಸ್ ಹಾಕ್ಕೋಬೇಕು” ಎಂದ. ಬಾಗಿಲವರೆಗೆ ಹೋದವನು ತಿರುಗಿ ಬಂದು, “ಜೇಬೂ ಇರಲಿ” ಎಂದ.

ನಮ್ಮ ಸೊಸೆ ಕೆಂಪು ಬಣ್ಣ ಕಲಸುವ ಕೆಲಸ ತಾನಾಗಿ ವಹಿಸಿಕೊಂಡಿದ್ದಾಳೆ. ನಾನು ಕಲಸಿದ್ದನ್ನು ನೋಡಿ, “ಅತ್ತೆ, ಇಷ್ಟು ಕೆಂಪು ಇರಲ್ಲ, ಸ್ವಲ್ಪ ಹೊತ್ತಾದ್ರೆ ಕಪ್ಪಾಗುತ್ತೆ. ಯಾವ ಸಂತರದು? ಎಷ್ಟು ಹೊತ್ತಿನ ಹಿಂದೆ ತೀರ್ಕೊಂಡ್ರು?” ಎಂದಳು. ಲ್ಯಾಬಿನವಳಿಗೆ ಯಾರೂ ಎದುರು ಮಾತಾಡುವಂತಿಲ್ಲ.

ಫಾದರ್ ರಕ್ತ ಬೇಡ ಎಂದಿದ್ದರಲ್ಲ ಎಂದು ಕೇಳುತ್ತೀಯ. ಮಕ್ಕಳೇ ಹೋಗಿ ಪುಸ್ತಕ ತೋರಿಸಿದರಂತೆ. ಇದು ಸಂತರದ್ದು ಫಾದರ್, ದೆವ್ವದ್ದಲ್ಲ ಎಂದರಂತೆ. ಪುಟದ ಮೇಲೆ ಬಿಷಪರ ಒಪ್ಪಿಗೆಯ ಮುದ್ರೆಯಿತ್ತು. ಫಾದರ್ ಆಗಲಿ ಎಂದು ಪುಸ್ತಕ ವಾಪಸ್ ಕೊಟ್ಟರಂತೆ.

ಇದೆಲ್ಲ ಟೀಚರ್‌ಗೆ ತಿಳಿದರೆ ಗತಿಯೇನು ಎಂದು ಹೆದರುತ್ತಿದ್ದೆ. ನಿನ್ನೆ ಮಧ್ಯಾಹ್ನ ಅವರೇ ಬಂದರು, ಆರು ವರ್ಷದ ಮಗಳ ಕೈ ಹಿಡಿದುಕೊಂಡು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದವಳು. ಅವಳ ಮುಂದೆ ಟೀಚರ್ ಬೆಣ್ಣೆ. ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದರು:

“ಇವಳಿಗೆ... ತಲೆ ಕಡಿಸ್ಕೊಂಡು, ಆಮೇಲೆ ಆ ತಲೇನ ಕೈಯಲ್ಲಿ ಹಿಡ್ಕೊಂಡು ನಡೆದ ಸಂತ ಆಗ್ಬೇಕಂತೆ. ಬೇರೆ ಯಾರೂ ಬೇಡ್ವಂತೆ.”

“ಆಗ್ಲಿ ಟೀಚರ್” ಎಂದು ಟೇಪು ತೆಗೆದೆ. ಎಲ್ಲಿಂದ ಹಿಡಿಯಲಿ? ನಲವತ್ತೈದು ವರ್ಷ ಹೊಲಿದಿದ್ದೇನೆ, ಕುತ್ತಿಗೆಯ ಮೇಲೆ ಏನೂ ಇಲ್ಲದವರಿಗೆ ಇದೇ ಮೊದಲು. ಯೋಚಿಸಿ ಯೋಚಿಸಿ, ಬೆತ್ತದ ಚೌಕಟ್ಟಿಗೆ ಕಾಲರಿಗೆ ಹಾಕುವ ಗಡುಸು ಬಕ್ರಂ ಬಟ್ಟೆ ಬಿಗಿದು ಸುಳ್ಳು ಹೆಗಲನ್ನು ಮಗುವಿನ ನೆತ್ತಿಯ ಮೇಲಕ್ಕೆ ತಂದೆ. ಎದೆಯ ಭಾಗದಲ್ಲಿ ಒಂದು ಕಿಂಡಿ. ಅಲ್ಲಿಂದ ಅವಳ ನಿಜವಾದ ಮುಖ ಹೊರಗೆ, ಕೆಳಗೆ ಎರಡು ಕೈ. ಹಾಕಿ ನೋಡಿದಾಗ ಟೀಚರ್ “ಅಯ್ಯೋ ದೇವರೇ” ಎಂದು ಕುರ್ಚಿಯಲ್ಲಿ ಕೂತರು. ಆಮೇಲೆ ಮೆಲ್ಲಗೆ, “ಕುತ್ತಿಗೆ ಹತ್ರ ಸ್ವಲ್ಪ ಕೆಂಪು ಹಚ್ಚಿದ್ರೆ ಚೆನ್ನಾಗಿರುತ್ತಲ್ವಾ?” ಎಂದರು.

ಗುಬ್ಬಿ ಮಾತ್ರ ತಾನು ಯಾರಾಗುತ್ತೇನೆಂದು ಬಾಯಿಬಿಡುತ್ತಿಲ್ಲ. “ನೀನು ಹೊಲಿಯೋದು ಬೇಡ, ನಾನೇ ಮಾಡ್ಕೋತೀನಿ” ಎನ್ನುತ್ತಾಳೆ. ಇದಕ್ಕಿಂತ ಹೆದರಿಕೆಯ ಮಾತು ಈ ತಿಂಗಳು ನಾನು ಕೇಳಿಲ್ಲ.

ಕೈ ನೋಯುತ್ತಿದೆ. ಇನ್ನೂ ಎರಡು ಬಾಣ ಬಾಕಿ. ಉಳಿದದ್ದು ಹಬ್ಬ ಮುಗಿದ ಮೇಲೆ.

ನಿನ್ನ
ಅಕ್ಕ

*

ನವೆಂಬರ್ ೩, ಸೋಮವಾರ

ಪ್ರೀತಿಯ ತಂಗಿಗೆ,

ಎಲ್ಲ ಮುಗಿಯಿತು. ಯಾರೂ ಸಾಯಲಿಲ್ಲ, ಸತ್ತವರ ಹಾಗೆ ಬಂದವರೂ ಹೊಟ್ಟೆ ತುಂಬ ಕೇಕು ತಿಂದು ಮನೆಗೆ ಹೋದರು. ನೀನು ಇರಬೇಕಿತ್ತು.

ಶುಕ್ರವಾರ ನಾಲ್ಕು ಗಂಟೆಗೆ ಹಾಲಿನಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದೆವು. ಮಕ್ಕಳು ಬಂದರು ನೋಡು. ಕಣ್ಣು ತಟ್ಟೆಯಲ್ಲಿ, ಹಲ್ಲು ಇಕ್ಕಳದಲ್ಲಿ, ಚರ್ಮ ತೋಳಿನ ಮೇಲೆ. ಬಾಣದವರು ನಾಲ್ವರೂ ಒಬ್ಬರಿಗೊಬ್ಬರು ತಗುಲಿಕೊಂಡು ಬಾಗಿಲಲ್ಲೇ ಸಿಕ್ಕಿಬಿದ್ದರು. ಬಿಡಿಸಲು ನಾನು ಕತ್ತರಿ ತರಬೇಕಾಯಿತು. ಬೇಕರಿಯವರ ಮಗ ಜಾಲರಿಯ ಮೇಲೆ ಮಲಗಿ “ಈ ಕಡೆ ಬೆಂದಾಯ್ತು, ಮಗುಚಿ ಹಾಕಿ!” ಎಂದು ಕೂಗುತ್ತಿದ್ದ. ದೆವ್ವಗಳೇ ಬಂದಿದ್ದರೂ ಇಷ್ಟು ಭಯವಾಗುತ್ತಿರಲಿಲ್ಲ. ನಮ್ಮ ಫಾದರ್ ಒಂದು ಮೂಲೆಯಲ್ಲಿ ನಗಬೇಕೋ ಪ್ರಾರ್ಥಿಸಬೇಕೋ ತಿಳಿಯದೆ ನಿಂತಿದ್ದರು.

ಆಗ ಪಕ್ಕದ ಬಾಗಿಲಿನಿಂದ ವಯಸ್ಸಾದ ಗುರುಗಳೊಬ್ಬರು ಒಳಗೆ ಬಂದರು. ಬಿಷಪರ ಕಚೇರಿಯ ದೊಡ್ಡ ಫಾದರ್. ಯಾರಿಗೂ ಸುದ್ದಿಯಿಲ್ಲ. ಬಾಗಿಲ ಹತ್ತಿರ ಮೊದಲು ಸಿಕ್ಕಿದ್ದು ಟೀಚರ್ ಮಗಳು. ಹೊಟ್ಟೆಯ ಮಟ್ಟದಿಂದ ಒಂದು ತಲೆ, “ಯೇಸುವಿಗೆ ಸ್ತುತಿ ಫಾದರ್” ಎಂದಿತು.

ದೊಡ್ಡ ಫಾದರ್ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದರು.

“ಈ ಚರ್ಚಿನಲ್ಲಿ ಮಕ್ಕಳಿಗೆ ದೆವ್ವದ ವೇಷ ಹಾಕಿಸ್ತಾರೆ ಅಂತ ಬಿಷಪ್‌ಗೆ ದೂರು ಬಂದಿದೆ. ನಾನು ನಂಬಿರ್ಲಿಲ್ಲ.”

ನಮ್ಮ ಫಾದರ್ ಮುಖ ಇಸ್ತ್ರಿ ಕಾಣದ ಬಟ್ಟೆಯಂತಾಯಿತು. ಕಾಗದದ ಅಕ್ಷರ ದೂರದಿಂದಲೇ ಎಲ್ಲರಿಗೂ ಗುರುತು ಸಿಕ್ಕಿತು. ಆ ದುಂಡು ಅಕ್ಷರವನ್ನು ಕರಿಹಲಗೆಯ ಮೇಲೆ ನೋಡದೆ ಬೆಳೆದವರು ಆ ಹಾಲಿನಲ್ಲಿ ಯಾರಿದ್ದರು? ಸಭೆಗೆ ಮುಂಚೆಯೇ ಟೀಚರ್ ಸಿಟ್ಟಿನಲ್ಲಿ ಬರೆದು ಹಾಕಿ, ಆಮೇಲೆ ಮರೆತೇಬಿಟ್ಟಿದ್ದರು. ಈಗ ಎಲ್ಲರ ಕಣ್ಣೂ ಅವರ ಮೇಲೆ. ಅವರು ಓಡಿಬಂದರು.

“ಅಲ್ಲ ಫಾದರ್! ಇವರು ದೆವ್ವಗಳಲ್ಲ, ಸಂತರು! ಇದು ನನ್ನ ಮಗಳು, ಇವಳು... ಅಂದ್ರೆ ಇವರು ಧರ್ಮಾಧ್ಯಕ್ಷರಾಗಿದ್ರು. ತಲೆ ಹೋದ್ಮೇಲೂ ಬೋಧನೆ ನಿಲ್ಲಿಸ್ಲಿಲ್ಲ.”

ಮಗಳು ಕಿಂಡಿಯಿಂದ, “ತುಂಬ ದೂರ ನಡೆದೆ ಫಾದರ್” ಎಂದು ಸೇರಿಸಿದಳು.

ಟೀಚರ್ ದೊಡ್ಡ ಫಾದರ್ ತೋಳು ಹಿಡಿದೇ ಅವರನ್ನು ಒಬ್ಬೊಬ್ಬರ ಹತ್ತಿರ ಕರೆದುಕೊಂಡು ಹೋದರು. ಕಣ್ಣಿನ ಸಂತಿ ಯಾಕೆ ಕಣ್ಣು ಕೊಟ್ಟಳು, ಹಲ್ಲಿನ ಸಂತಿ ಯಾವ ಮಾತನ್ನು ಆಡಲಾರೆ ಎಂದಳು, ಎಲ್ಲವನ್ನೂ ಮಕ್ಕಳ ಬಾಯಲ್ಲೇ ಹೇಳಿಸಿದರು. ಒಬ್ಬರೂ ತಪ್ಪಲಿಲ್ಲ. ಚರ್ಮದವನು ಮಾತ್ರ ಉತ್ತರ ಹೇಳುವ ಮೊದಲು ಚರ್ಮದ ಜೇಬಿನಿಂದ ಬಿಸ್ಕತ್ತು ತೆಗೆದು ದೊಡ್ಡ ಫಾದರ್‌ಗೆ ಒಂದು ಕೊಟ್ಟ. ಅವರು ತೆಗೆದುಕೊಂಡರು. ಅಲ್ಲಿಗೆ ಅವರ ಮುಖ ಸ್ವಲ್ಪ ಸಡಿಲವಾಯಿತು.

ಸಾಲಿನ ಕೊನೆಗೆ ನಿಂತಿದ್ದಳು ನಮ್ಮ ಗುಬ್ಬಿ. ನಾನು ಮೊನ್ನೆ ತಾನೆ ಅಂಚು ಹೊಲಿದ ಹೊಸ ಬಿಳಿ ದುಪ್ಪಟಿ ತಲೆಯಿಂದ ಕಾಲಿನವರೆಗೆ, ಅದಕ್ಕೆ ಎರಡು ತೂತು. ಅಪ್ಪಟ ದೆವ್ವ! ಟೀಚರ್ ಹಿಡಿದಿದ್ದ ತೋಳು ಬಿಟ್ಟುಬಿಟ್ಟರು.

ದೊಡ್ಡ ಫಾದರ್ ಬಗ್ಗಿ ಕೇಳಿದರು. “ನೀನು ಯಾವ ಸಂತಮ್ಮ?”

“ನಾನು ಸಂತ ಅಲ್ಲ ಫಾದರ್. ಇನ್ನೂ ಶುದ್ಧೀಕರಣ ಸ್ಥಳದಲ್ಲೇ ಇದ್ದೀನಿ. ಸ್ವರ್ಗಕ್ಕೆ ಪಾಸಾಗಿಲ್ಲ.”

“ಹೌದಾ! ಯಾರ ಆತ್ಮ ನೀನು?”

“ಯಾರೂ ನೆನಪು ಮಾಡ್ಕೊಳ್ಳದೇ ಇರೋರದು. ಅಂಥವರು ತುಂಬ ಜನ ಇದ್ದಾರೆ ಅಂತ ಟೀಚರ್ ಹೇಳಿದ್ರು. ನಂಗೋಸ್ಕರ ಒಂದು ಜಪ ಹೇಳಿ, ಇಲ್ಲಾಂದ್ರೆ ಚಾಕೊಲೇಟ್ ಕೊಡಿ.”

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡ ಫಾದರ್ ಜೇಬೆಲ್ಲ ತಡಕಾಡಿ, ಸಿಕ್ಕಿದ ಒಂದು ಕೆಮ್ಮಿನ ಮಾತ್ರೆಯನ್ನು ಅವಳ ಕೈಯಲ್ಲಿಟ್ಟು, “ಜಪಾನೂ ಹೇಳ್ತೀನಿ” ಎಂದರು. ನಿಜವಾಗಿಯೂ ಹೇಳಿದರು, ಅಲ್ಲೇ, ತಲೆ ಬಾಗಿಸಿ. ನಗು ನಿಂತಿತು. ನಾನು ನೆಲದ ಮೇಲೆ ಬಿದ್ದ ಪಿನ್ನು ಹುಡುಕುವವಳ ಹಾಗೆ ಬಗ್ಗಿದೆ.

ಆಮೇಲೆ ಅವರು ಕಾಗದ ಮಡಿಸುತ್ತ, “ನಾನು ಬಿಷಪ್‌ಗೆ ಏನು ಹೇಳ್ಲಿ ಟೀಚರ್?” ಎಂದರು. ಯಾರು ಬರೆದದ್ದೆಂದು ಅವರಿಗೂ ತಿಳಿದುಹೋಗಿತ್ತು. ಟೀಚರ್ ಕಿವಿಯವರೆಗೆ ಕೆಂಪಾಗಿ, “ದೂರು ಬರೆದವಳಿಗೆ ಇನ್ನೂ ಕಲಿಯೋದಿದೆ ಅಂತ ಹೇಳಿ ಫಾದರ್” ಎಂದರು. ನನಗೆ ಆ ಹೆಂಗಸಿನ ಮೇಲೆ ಅವತ್ತು ಹುಟ್ಟಿದ ಗೌರವ ಹತ್ತು ಆಜ್ಞೆಗಳಿಂದ ಹುಟ್ಟಿರಲಿಲ್ಲ.

ಬೆಳಕಿರುವಾಗಲೇ ಮಕ್ಕಳನ್ನು ಬೀದಿಯ ನಾಲ್ಕಾರು ಮನೆಗೆ ಕರೆದುಕೊಂಡು ಹೋದೆವು. ನಿನ್ನ ಭಾವ ಮುಂದೆ ಸೀಟಿ ಊದುತ್ತ ನಡೆದರು. ರಸ್ತೆ ದಾಟುವಾಗ ಅಭ್ಯಾಸಬಲದಿಂದ “ತಲೆ ಒಳಗಿಟ್ಕೊಳ್ಳಿ, ತಲೆ ಒಳಗೆ!” ಎಂದು ಕೂಗಿದರು. ಟೀಚರ್ ಮಗಳು ಪಾಪ ತಲೆಯನ್ನು ಕಿಂಡಿಯೊಳಕ್ಕೆ ಎಳೆದುಕೊಂಡು ಕುರುಡಾಗಿ ಹೋಗಿ ಹಲ್ಲಿನ ಡಾಕ್ಟರಿಗೇ ಢಿಕ್ಕಿ ಹೊಡೆದಳು.

ಹ್ಯಾಲೋವೀನ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಕೊನೆಗೂ ಯಾರೂ ಉತ್ತರ ಕೊಡಲಿಲ್ಲ. ಬೇಕರಿಯವರು ತಾವು ಗೆದ್ದೆವು ಎನ್ನುತ್ತಾರೆ, ಟೀಚರ್ ತಾವು ಗೆದ್ದೆವು ಎನ್ನುತ್ತಾರೆ. ನನ್ನ ಮನಸ್ಸು ಏನು ಹೇಳುತ್ತದೆ ಎಂದು ಕೇಳಿದ್ದೆಯಲ್ಲ? ವರ್ಷದಲ್ಲಿ ಒಂದು ಸಂಜೆ ಮಕ್ಕಳು ಸತ್ತವರ ಬಗ್ಗೆ ಗಟ್ಟಿಯಾಗಿ ಮಾತಾಡಿದರೆ ತಪ್ಪಿಲ್ಲ ಎನ್ನುತ್ತದೆ. ದೊಡ್ಡವರಿಗೆ ಅದು ಬರುವುದಿಲ್ಲ.

ದುಪ್ಪಟಿಯ ತೂತುಗಳಿಗೆ ತೇಪೆ ಹಾಕಿದ್ದೇನೆ. ಸೊಸೆ ನಿನಗೆ ಮಂಡಿಗೆ ಹಚ್ಚುವ ಎಣ್ಣೆ ಕಳಿಸುತ್ತಾಳೆ, ಬಿಸಿ ಮಾಡಿ ಹಚ್ಚಿಕೋ. ನಿನ್ನ ಭಾವ ಕೇಳಿದೆನೆಂದು ಹೇಳು ಎಂದರು. ಗುಬ್ಬಿ ಮುತ್ತು ಕಳಿಸಿದ್ದಾಳೆ, ಜೊತೆಗೆ ಚಾಕೊಲೇಟ್ ಕೇಳಿದ್ದಾಳೆ. ದೇವರು ನಿನ್ನನ್ನೂ ನಿನ್ನ ಜೊತೆಯ ಸಿಸ್ಟರುಗಳೆಲ್ಲರನ್ನೂ ಚೆನ್ನಾಗಿಟ್ಟಿರಲಿ. ಮಾತೆ ಮರಿಯಳ ಸೆರಗು ನಿನ್ನ ಮೇಲಿರಲಿ.

ನಿನ್ನ
ಅಕ್ಕ

ತಾ. ಕ.: ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆದಿಲ್ಲ.

ನಿನ್ನೆ ಮೃತರ ದಿನ. ಪೂಜೆಯಲ್ಲಿ ಓದಲು ಮನೆಮನೆಯವರು ತೀರಿಕೊಂಡವರ ಹೆಸರು ಬರೆದುಕೊಡುತ್ತೇವಲ್ಲ, ನಾನು ಪ್ರತಿ ವರ್ಷ ನಾಲ್ಕು ಹೆಸರು ಕೊಡುತ್ತೇನೆ. ನಮ್ಮ ಅಪ್ಪ, ಅಮ್ಮ, ನನ್ನ ಅತ್ತೆ, ಮಾವ. ಶನಿವಾರ ಫಾದರ್ ಹತ್ತಿರ ಹೋಗಿ, “ಹೆಸರೇ ಇಡದವರನ್ನೂ ಬರೀಬಹುದಾ? ಜ್ಞಾನಸ್ನಾನ ಆಗ್ಲಿಲ್ಲ. ಅರ್ಧ ಗಂಟೆ ಬದುಕಿತ್ತು” ಎಂದೆ. ಆ ಕಾಲದ ಗುರುಗಳು ಅದೇ ಕಾರಣಕ್ಕೆ ಸಮಾಧಿಭೂಮಿಯಲ್ಲಿ ಜಾಗ ಕೊಡದೆ, ಮಗುವಿನ ತಂದೆ ಒಬ್ಬರೇ ಹೊತ್ತು ಗೋಡೆಯ ಆಚೆ ಮಣ್ಣು ಮಾಡಿದ್ದನ್ನೂ ಹೇಳಿದೆ. ನಲವತ್ತೊಂದು ವರ್ಷವಾಯಿತು ಎಂದೆ. ಫಾದರ್ ಪಟ್ಟಿಯನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟರು. ‘ದರ್ಜಿಯಮ್ಮನ ಮತ್ತು ಕಂಡಕ್ಟರ ಮೊದಲ ಮಗಳು’ ಎಂದು ಬರೆದೆ.

ನಿನ್ನ ಭಾವನಿಗೆ ಹೇಳಿರಲಿಲ್ಲ. ನಿನ್ನೆ ಅದನ್ನು ಓದಿದಾಗ ಎಲ್ಲರೂ ಕೂತಿದ್ದರು, ಅವರೊಬ್ಬರು ಎದ್ದು ನಿಂತರು. ಪಟ್ಟಿ ಮುಗಿಯುವವರೆಗೂ ಕೂರಲಿಲ್ಲ. ನಾನೂ ಎದ್ದು ಪಕ್ಕದಲ್ಲಿ ನಿಂತೆ.

ಇನ್ನೊಂದು ಮಾತು, ತಂಗಿ. ಆ ಮಧ್ಯಾಹ್ನ ನೀನು ನನ್ನ ಹಾಸಿಗೆಯ ಪಕ್ಕ ನೀರಿನ ಚೊಂಬು ಹಿಡಿದು ನಿಂತಿದ್ದೆ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಹಣೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದೆಂದು ನಿನಗೆ ಗೊತ್ತಿತ್ತು. ನೀರು ತುಳುಕಿ ನೆಲಕ್ಕೆ ಚೆಲ್ಲುತ್ತಿತ್ತು. ನೀನು ಹಾಕಲಿಲ್ಲ. ಎರಡು ತಿಂಗಳಿಗೆ ಕಾನ್ವೆಂಟಿಗೆ ಹೊರಟುಹೋದೆ. ನಾನು ಒಂದು ದಿನವೂ ಆ ಮಾತೆತ್ತಲಿಲ್ಲ. ಒಂದು ದಿನವೂ ಮರೆಯಲಿಲ್ಲ. ಇಷ್ಟು ವರ್ಷ ನಗಿಸಿ ನಗಿಸಿ ಕಾಗದ ಬರೆದದ್ದು ಸಿಟ್ಟು ಕಾಣಬಾರದೆಂದು. ನೀನು ಹತ್ತೊಂಬತ್ತರ ಹುಡುಗಿ, ಹೆದರಿದ್ದೆ, ಅಷ್ಟೇ. ನನಗೂ ಗೊತ್ತಿತ್ತು ನೀರು ಹಾಕಬಹುದೆಂದು. ನಾನೂ ಹೇಳಲಿಲ್ಲ.

ಮುಂದಿನ ವರ್ಷ ಪಟ್ಟಿಯಲ್ಲಿ ಬರೆಯಲು ಅವಳಿಗೊಂದು ಹೆಸರು ಬೇಕು. ನಿನ್ನ ಭಾವನೂ ನಾನೂ ಯೋಚಿಸಿದೆವು, ಆಗಲಿಲ್ಲ. ನೀನು ಅವಳ ಚಿಕ್ಕಮ್ಮ. ನೀನೇ ಇಟ್ಟು ಬರೆ.